ಮರಿ ತಂದ ಮಗುವನ್ನು ಗದರಿಸಬೇಡಿ

ಕಳೆದ ಬೇಸಿಗೆಯ ಒಂದು ಸಂಜೆ. ಮಗ್ರಿಬ್‌ಗೆ ಇನ್ನೂ ಅರ್ಧ ಗಂಟೆ ಇತ್ತು. ಕನ್ನೊಳ್ಳಿಯ ನನ್ನ ದವಾಖಾನೆಗೆ ತಾಯಿಯೊಬ್ಬರು ಒಂಬತ್ತು ವರ್ಷದ ಮಗನನ್ನು ಕರೆತಂದರು. ಹುಡುಗನ ಮುಂಗೈ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಗಜಕರ್ಣ. ಮಕ್ಕಳ ಮೈಮೇಲೆ ಹೀಗೆ ದುಂಡಗೆ, ಅಂಚು ಕೆಂಪಾಗಿ ಗಜಕರ್ಣ ಕಂಡರೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ.

"ಮನ್ಯಾಗ ಬೆಕ್ಕು, ನಾಯಿ ಏನರೆ ಸಾಕೀರೇನ್ರಿ?"

"ಇಲ್ರೀ ಹಕೀಂ ಸಾಬ್, ಒಂದೂ ಇಲ್ಲ" ಎಂದರು ತಾಯಿ. ಹುಡುಗ ಮಾತ್ರ ನೆಲ ನೋಡುತ್ತಿದ್ದ. ತಾಯಿಯನ್ನು ಹೊರಗೆ ಕೂರಲು ಹೇಳಿ, "ಬೇಟಾ, ಎಲ್ಲಿಟ್ಟೀಯಪ್ಪ?" ಎಂದು ಮೆಲ್ಲಗೆ ಕೇಳಿದೆ.

"ಕಣಿಕಿ ಬಣವಿ ಹಿಂದ ಇಟ್ಟಿದ್ದೆ ರೀ. ನಾಯಿಮರಿ. ಅದರ ತಾಯಿ ಗಾಡಿ ಕೆಳಗ ಸಿಕ್ಕು ಸತ್ತಿತ್ರೀ."

ಮೂರು ವಾರದಿಂದ ತನ್ನ ಪಾಲಿನ ರೊಟ್ಟಿ, ಹಾಲು ಅದಕ್ಕೆ ಹಾಕುತ್ತಿದ್ದನಂತೆ. ಕಚ್ಚಿದೆಯೇನು ಎಂದು ಕೇಳಿದಾಗ ಅಂಗೈ ಬಿಚ್ಚಿ ತೋರಿಸಿದ. ಹೆಬ್ಬೆರಳ ಬುಡದಲ್ಲಿ ಒಣಗಿದ ಎರಡು ಸಣ್ಣ ಗುರುತು. ನಾಲ್ಕು ದಿನದ ಹಿಂದಿನವು. "ಆಟದಾಗ ಹಲ್ಲು ನಟ್ಟಾವ್ರೀ. ಅಬ್ಬಾಗ ಹೇಳಬ್ಯಾಡ್ರೀ." ಮರಿ ಈಗ ಎಲ್ಲಿದೆ ಎಂದರೆ ಕಣ್ಣಲ್ಲಿ ನೀರು ತಂದುಕೊಂಡ. "ನಿನ್ನೆ ಸತ್ತೋತ್ರೀ."

ಆ ರಾತ್ರಿಯೇ ಅವನ ತಂದೆ ಅವನನ್ನು ಸಿಂದಗಿಯ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಲಸಿಕೆ ಆಯಿತು, ಗಾಯಕ್ಕೆ ಸೀರಮ್ ಕೂಡ ಹಾಕಿದರು. ಎಲ್ಲ ಸರತಿಗಳನ್ನೂ ತಪ್ಪದೆ ಮುಗಿಸಿದ. ಅಲ್‌ಹಮ್ದುಲಿಲ್ಲಾಹ್, ಈಗ ಆರೋಗ್ಯವಾಗಿ ಶಾಲೆಗೆ ಹೋಗುತ್ತಿದ್ದಾನೆ. ಆ ಮರಿಗೆ ಹುಚ್ಚುರೋಗವಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೆ ಅಂದು ಅವನ ಕೈಗೆ ಗಜಕರ್ಣ ಆಗದೇ ಹೋಗಿದ್ದರೆ ಆ ಕಡಿತದ ವಿಷಯ ಮನೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ಹುಡುಗ ಮಾಡಿದ್ದು ತಪ್ಪಲ್ಲ. ತಬ್ಬಲಿ ಜೀವಕ್ಕೆ ಅನ್ನ ಹಾಕಿದ. ಅಪಾಯ ಇದ್ದದ್ದು ಅವನ ದಯೆಯಲ್ಲಿ ಅಲ್ಲ, ಅದನ್ನು ಬಚ್ಚಿಡಬೇಕಾಗಿ ಬಂದದ್ದರಲ್ಲಿ. ಮನೆಯವರೆಲ್ಲರ ಅರಿವಿನಲ್ಲಿ, ಕ್ರಮವಾಗಿ ನಡೆಯುವ ದಯೆ ಸವಾಬಿನ ಕೆಲಸ. ಹೆದರಿ ಗುಟ್ಟಾಗಿ ನಡೆದರೆ ಅದೇ ದಯೆ ಜೀವಕ್ಕೆ ಕುತ್ತಾಗಬಹುದು.

ದೀನ್ ಏನು ಹೇಳುತ್ತದೆ?

ಬಾಯಾರಿ ಮಣ್ಣು ನೆಕ್ಕುತ್ತಿದ್ದ ನಾಯಿಯನ್ನು ಕಂಡು, ಬಾವಿಗಿಳಿದು ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ ತಂದು ಕುಡಿಸಿದ ವ್ಯಕ್ತಿಯನ್ನು ಅಲ್ಲಾಹನು ಕ್ಷಮಿಸಿದ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಬೆಕ್ಕನ್ನು ಕಟ್ಟಿಹಾಕಿ, ತಿನ್ನಲು ಕೊಡದೆ, ತಾನಾಗಿ ಹುಡುಕಿಕೊಳ್ಳಲೂ ಬಿಡದೆ ಸಾಯಿಸಿದ ಹೆಂಗಸು ನರಕಕ್ಕೆ ಗುರಿಯಾದದ್ದೂ ಹದೀಸ್‌ನಲ್ಲಿದೆ. ಈ ಎರಡನ್ನೂ ನಾವು ಜುಮಾ ಬಯಾನ್‌ಗಳಲ್ಲಿ ಕೇಳಿರುತ್ತೇವೆ. ಆದರೆ ಮಗು ಮರಿಯೊಂದನ್ನು ಎತ್ತಿಕೊಂಡು ಬಾಗಿಲಿಗೆ ಬಂದಾಗ ನಮ್ಮ ಬಾಯಿಂದ ಮೊದಲು ಬರುವ ಮಾತು, "ಛೀ, ಹೊರಗೆ ಒಗಿ ಅದನ್ನ!"

ಬೆಕ್ಕು ನಜಿಸ್ ಅಲ್ಲ. ಅದು ಮನೆಯಲ್ಲಿ ನಮ್ಮ ಸುತ್ತ ಓಡಾಡಿಕೊಂಡಿರುವ ಜೀವ ಎಂದು ಪ್ರವಾದಿ(ಸ) ಹೇಳಿದ್ದನ್ನು ಹಝ್ರತ್ ಅಬೂ ಕತಾದ(ರ) ತಿಳಿಸಿದ್ದಾರೆ. ಅವರು ವುಝೂ ನೀರಿನ ಪಾತ್ರೆಯನ್ನು ಬೆಕ್ಕಿನ ಕಡೆ ಓರೆ ಮಾಡಿ ಅದಕ್ಕೆ ಕುಡಿಯಲು ಕೊಟ್ಟವರು. ನಾಯಿಯ ವಿಷಯ ಬೇರೆ. ದನ-ಕುರಿ ಕಾಯಲು, ಹೊಲ ಕಾಯಲು, ಬೇಟೆಗೆ ನಾಯಿ ಇಟ್ಟುಕೊಳ್ಳಲು ಅನುಮತಿ ಇದೆ. ಬರೀ ಖಯಾಲಿಗೆ ಸಾಕುವುದನ್ನು ಹದೀಸ್ ತಡೆಯುತ್ತದೆ. ನಮ್ಮ ಭಾಗದ ಕುರಿಗಾಹಿಗಳ ಹಟ್ಟಿ ಕಾಯುವ ನಾಯಿ, ತೋಟದ ವಸ್ತಿಯ ನಾಯಿ ಈ ಅನುಮತಿಯೊಳಗೇ ಬರುತ್ತವೆ. ಆದರೆ ನಾಯಿಗೆ ನೀರಿಡಲು, ಗಾಯಕ್ಕೆ ಮದ್ದು ಹಾಕಲು, ಅಪಾಯದಿಂದ ಪಾರುಮಾಡಲು ಯಾವ ತಡೆಯೂ ಇಲ್ಲ. ಸಾಕಲು ಆಗದಿದ್ದರೂ ಸಲಹಲು ಆಗುತ್ತದೆ. ಈ ವ್ಯತ್ಯಾಸವನ್ನು ಮಕ್ಕಳಿಗೆ ತಿಳಿಸಿ ಹೇಳಿದರೆ ಅವರು ಗುಟ್ಟು ಮಾಡುವುದಿಲ್ಲ.

ಎತ್ತಿಕೊಳ್ಳುವ ಮೊದಲು ನೋಡಿ

ಒಂಟಿಯಾಗಿ ಕಂಡ ಮರಿಯೆಲ್ಲ ತಬ್ಬಲಿಯಲ್ಲ. ತಾಯಿ ಬೆಕ್ಕು ಮರಿಗಳನ್ನು ಒಂದೊಂದಾಗಿ ಜಾಗ ಬದಲಿಸುತ್ತದೆ, ತಿನ್ನಲು ಹುಡುಕಿಕೊಂಡು ದೂರ ಹೋಗಿರುತ್ತದೆ. ದೂರದಲ್ಲಿ ನಿಂತು ಕೆಲವು ಗಂಟೆ ಕಾದು ನೋಡಿ. ಮರಿ ಬಿಸಿಲಲ್ಲಿದ್ದರೆ ಹತ್ತಿರದ ನೆರಳಿಗೆ ಸರಿಸಿದರೆ ಸಾಕು. ತಾಯಿ ಬರಲೇ ಇಲ್ಲವೆಂದರೆ ಆಗ ಅದು ನಿಮ್ಮ ಅಮಾನತ್.

ಬರಿಗೈಯಲ್ಲಿ ಹಿಡಿಯಬೇಡಿ. ಹಳೆಯ ದಪ್ಪ ಟವೆಲ್ಲಿನಲ್ಲಿ ಸುತ್ತಿ ಎತ್ತಿ. ಮೈ ತಣ್ಣಗಿರುವ ಮರಿಗೆ ಮೊದಲು ಬೇಕಾದದ್ದು ಹಾಲಲ್ಲ, ಶಾಖ. ಬೆಚ್ಚಗಾದ ಮೇಲೆ, ಹೊಟ್ಟೆಯ ಮೇಲೆ ಮಲಗಿಸಿ, ಸ್ವಲ್ಪಸ್ವಲ್ಪವೇ ಕುಡಿಸಿ. ಕೂಸಿನ ಹಾಗೆ ಅಂಗಾತ ಹಿಡಿದು ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಎಳೆಯ ಮರಿಗೆ ಆಕಳ ಹಾಲು ಭೇದಿ ತರುತ್ತದೆ. ಮರಿಗಳಿಗೆಂದೇ ಸಿಗುವ ಹಾಲಿನ ಪುಡಿಯ ಬಗ್ಗೆ ಪಶುವೈದ್ಯರನ್ನು ಕೇಳಿ.

ಗಿಣಿ, ನವಿಲು, ಮಂಗ, ಮೊಲ ಗಾಯಗೊಂಡು ಸಿಕ್ಕರೆ ಸಾಕಿಕೊಳ್ಳಬೇಡಿ. ನಮ್ಮ ಮನೆಗಳಲ್ಲಿ ಪಂಜರದ ಗಿಣಿ ಸಾಮಾನ್ಯ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಗಿಣಿಯನ್ನು ಹಿಡಿದಿಡುವುದು ಅಪರಾಧ. ಅಂಥ ಜೀವಿಗಳನ್ನು ಅರಣ್ಯ ಇಲಾಖೆಗೆ ಒಪ್ಪಿಸಬೇಕು.

ಮನೆಯೊಳಗಿನ ಕ್ರಮ

ತಂದ ಮರಿಯನ್ನು ಮೊದಲ ಎರಡು ವಾರ ಮಕ್ಕಳ ಹಾಸಿಗೆಯಿಂದ, ಮನೆಯ ಬೇರೆ ಪ್ರಾಣಿಗಳಿಂದ ದೂರ ಇಡಿ. ಪಡಸಾಲೆಯ ಒಂದು ಮೂಲೆ, ರಟ್ಟಿನ ಡಬ್ಬಿ, ಹಳೆಯ ಬಟ್ಟೆ ಸಾಕು. ಈ ಅವಧಿಯಲ್ಲಿ ಪಶು ಆಸ್ಪತ್ರೆಗೆ ಕರೆದೊಯ್ದು ಚರ್ಮ, ಕಿವಿ ತೋರಿಸಿ, ಜಂತುಹುಳುವಿನ ಮತ್ತು ಚಿಗಟದ ಔಷಧ ಹಾಕಿಸಿ. ಮರಿಗೆ ಮೂರು ತಿಂಗಳಾದಾಗ ಹುಚ್ಚುರೋಗದ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಈ ಲಸಿಕೆ ನಾಯಿಗೆ ಮಾತ್ರವಲ್ಲ, ಬೆಕ್ಕಿಗೂ ಬೇಕು.

ನಮಾಝ್‌ನ ಬಗ್ಗೆ ಬಹಳ ಜನ ಕೇಳುತ್ತಾರೆ. ಬೆಕ್ಕು ಮುಸಲ್ಲಾ ಮೇಲೆ ನಡೆದರೆ ನಮಾಝ್‌ಗೆ ತೊಂದರೆ ಇಲ್ಲ. ಅದರ ಮೂತ್ರ, ಮಲ ಮಾತ್ರ ನಜಿಸ್, ತಾಗಿದ್ದನ್ನು ತೊಳೆಯಲೇಬೇಕು. ನಮ್ಮ ಭಾಗದಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಮಝ್‌ಹಬ್ ಪ್ರಕಾರ ನಾಯಿಯ ಒಣ ಮೈ ತಾಗಿದ ಮಾತ್ರಕ್ಕೆ ಬಟ್ಟೆ ನಜಿಸ್ ಆಗುವುದಿಲ್ಲ, ಜೊಲ್ಲು ತಾಗಿದರೆ ತೊಳೆಯಬೇಕು. ಶಾಫಿಈ ಮಝ್‌ಹಬ್‌ನಲ್ಲಿ ನಿಯಮ ಇನ್ನೂ ಬಿಗಿ. ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಏಳು ಬಾರಿ, ಅದರಲ್ಲೊಮ್ಮೆ ಮಣ್ಣಿನಿಂದ, ತೊಳೆಯಲು ಹದೀಸ್‌ನಲ್ಲಿ ಹೇಳಿದೆ. ಸುಲಭ ದಾರಿಯೆಂದರೆ, ಪ್ರಾಣಿಗಳ ತಟ್ಟೆ ಬೇರೆ, ಅದನ್ನು ತೊಳೆಯುವ ಜಾಗ ಬೇರೆ, ನಮಾಝ್‌ನ ಬಟ್ಟೆ ಬೇರೆ. ಇಷ್ಟು ಮಾಡಿದರೆ ಪಾಕಿಯೂ ಉಳಿಯುತ್ತದೆ, ರೋಗವೂ ದೂರ ಇರುತ್ತದೆ.

ತಿನ್ನಿಸುವುದರಲ್ಲೂ ಎಚ್ಚರ ಬೇಕು. ದಾವತ್‌ನಲ್ಲಿ ಉಳಿದ ಬಿರಿಯಾನಿಯನ್ನು ಪ್ರೀತಿಯಿಂದ ಹಾಕುತ್ತೇವೆ. ಈರುಳ್ಳಿ, ಬೆಳ್ಳುಳ್ಳಿ ನಾಯಿ-ಬೆಕ್ಕುಗಳ ರಕ್ತಕಣಗಳನ್ನು ಹಾಳುಮಾಡುತ್ತವೆ. ಬೆಂದ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಮಸಾಲೆ ಇಲ್ಲದೆ ಬೇಯಿಸಿದ, ಎಲುಬಿಲ್ಲದ ಮಾಂಸ, ಅನ್ನ ಒಳ್ಳೆಯದು. ಇನ್ನೊಂದು ಮುಖ್ಯ ಮಾತು. ಬೆಕ್ಕಿಗೆ ಜ್ವರವೆಂದು ಮನೆಯಲ್ಲಿನ ಪ್ಯಾರಾಸಿಟಮಾಲ್ ಕೊಡಬೇಡಿ. ಒಂದೇ ಮಾತ್ರೆ ಅದನ್ನು ಕೊಲ್ಲಬಲ್ಲದು.

ಗರ್ಭಿಣಿ ಇರುವ ಮನೆಯಲ್ಲಿ ಬೆಕ್ಕನ್ನು ಓಡಿಸಬೇಕೆಂದು ಹಿರಿಯರು ಹೇಳುತ್ತಾರೆ. ಓಡಿಸಬೇಕಿಲ್ಲ. ಟಾಕ್ಸೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಬೆಕ್ಕಿನ ಮಲದಲ್ಲಿ ಇರಬಹುದು, ಅದು ಹೊಟ್ಟೆಯಲ್ಲಿನ ಶಿಶುವಿಗೆ ಹಾನಿ ಮಾಡಬಲ್ಲದು ಎಂಬುದು ನಿಜ. ಆದರೆ ಅದು ಮಲದಲ್ಲಿ ಹೊರಬಿದ್ದ ಕೂಡಲೇ ಅಂಟುವುದಿಲ್ಲ, ಅದಕ್ಕೆ 1ರಿಂದ 5 ದಿನ ಬೇಕು. ಆದ್ದರಿಂದ ಮಲವನ್ನು ದಿನವೂ ತೆಗೆದುಹಾಕಬೇಕು. ಆ ಕೆಲಸ ಗರ್ಭಿಣಿಯದಲ್ಲ, ಮನೆಯ ಬೇರೆಯವರದು. ಇದೇ ಜೀವಿ ಸರಿಯಾಗಿ ಬೇಯದ ಮಾಂಸದಿಂದಲೂ ಬರುತ್ತದೆ. ಹಾಗಾಗಿ ಬಕ್ರೀದ್‌ನಲ್ಲಿ ಹಸಿ ಮಾಂಸ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯುವುದು ಅಷ್ಟೇ ಮುಖ್ಯ. ಉಬ್ಬಸವಿರುವ ಮಕ್ಕಳಿಗೆ ಬೆಕ್ಕಿನಿಂದ ತೊಂದರೆ ಹೆಚ್ಚಾದರೆ ಪ್ರಾಣಿಯನ್ನು ಮಲಗುವ ಕೋಣೆಯಿಂದ ಹೊರಗಿಡಿ. ಆಗಲೂ ಕಡಿಮೆಯಾಗದಿದ್ದರೆ ಬೇರೆ ಒಳ್ಳೆಯ ಮನೆ ಹುಡುಕಿ ಕೊಡಿ. ಬೀದಿಗೆ ಬಿಟ್ಟುಬರುವುದು ದಯೆಯಲ್ಲ.

ಕಚ್ಚಿದರೆ, ಪರಚಿದರೆ

ಈ ಭಾಗವನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಓದಿ.

ಹುಚ್ಚುರೋಗ, ಅಂದರೆ ರೇಬಿಸ್, ರೋಗವಿರುವ ಪ್ರಾಣಿಯ ಜೊಲ್ಲಿನಲ್ಲಿರುವ ವೈರಸ್‌ನಿಂದ ಬರುತ್ತದೆ. ಕಡಿತದಿಂದ, ಉಗುರು ಪರಚಿದ್ದರಿಂದ, ಗಾಯದ ಮೇಲೆ ನೆಕ್ಕಿದ್ದರಿಂದ ಅಂಟುತ್ತದೆ. ಲಕ್ಷಣ ಕಾಣಲು ಸಾಮಾನ್ಯವಾಗಿ 2ರಿಂದ 3 ತಿಂಗಳು ಹಿಡಿಯುತ್ತದೆ. ಒಂದು ವಾರದಲ್ಲೂ ಕಾಣಬಹುದು, ಒಂದು ವರ್ಷವೂ ಆಗಬಹುದು. ಕಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಆದರೆ ಲಕ್ಷಣ ಬರುವ ಮುನ್ನ ಸರಿಯಾದ ಚಿಕಿತ್ಸೆ ಪಡೆದರೆ ಈ ರೋಗವನ್ನು ತಡೆಯಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆ, ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನಮ್ಮ ದೇಶದವರು. ಸಾಯುವ ಪ್ರತಿ ಹತ್ತು ಜನರಲ್ಲಿ ನಾಲ್ವರು 15 ವರ್ಷದೊಳಗಿನ ಮಕ್ಕಳು. ಮಕ್ಕಳು ಪ್ರಾಣಿಗಳ ಹತ್ತಿರ ಹೋಗುತ್ತಾರೆ, ಆದದ್ದನ್ನು ಹೇಳುವುದಿಲ್ಲ.

ಮೊದಲ ಕೆಲಸ, ತೊಳೆಯುವುದು. ನಲ್ಲಿಯ ಕೆಳಗೆ ಹಿಡಿದು, ಇಲ್ಲವೇ ತಂಬಿಗೆಯಿಂದ ನೀರು ಸುರಿಯುತ್ತ, ಸಾಬೂನು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಿರಿ. ಮಗು ಅಳುತ್ತದೆ, ನಿಮಗೆ ಗಾಬರಿಯಾಗುತ್ತದೆ, ಎರಡು ನಿಮಿಷವೇ ಹತ್ತು ನಿಮಿಷದ ಹಾಗೆ ಅನಿಸುತ್ತದೆ. ಆದ್ದರಿಂದ ಗಡಿಯಾರ ನೋಡಿಕೊಂಡೇ ತೊಳೆಯಿರಿ. ಖಾರದ ಪುಡಿ, ಸುಣ್ಣ, ಅರಿಸಿನ, ಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಹಚ್ಚಬೇಡಿ. ಬಿಗಿಯಾಗಿ ಪಟ್ಟಿ ಕಟ್ಟಬೇಡಿ.

ಎರಡನೆಯದು, ಅದೇ ದಿನ ಆಸ್ಪತ್ರೆ. ತೊಗಲು ಎಲ್ಲೂ ಕೆತ್ತದೆ ಬರೀ ಮುಟ್ಟಿದ್ದು, ನೆಕ್ಕಿದ್ದು ಆದರೆ ತೊಳೆದರೆ ಸಾಕು. ರಕ್ತ ಬಾರದ ಸಣ್ಣ ಪರಚು ಗಾಯವಾದರೂ ಲಸಿಕೆ ಬೇಕು. ರಕ್ತ ಬಂದಿದ್ದರೆ, ಹಲ್ಲು ತೊಗಲೊಳಗೆ ಇಳಿದಿದ್ದರೆ, ಗಾಯದ ಮೇಲೆ ಅಥವಾ ಬಾಯಿ, ಕಣ್ಣಿಗೆ ಜೊಲ್ಲು ತಾಗಿದ್ದರೆ ಲಸಿಕೆಯ ಜೊತೆಗೆ ಇಮ್ಯೂನೋಗ್ಲೋಬ್ಯುಲಿನ್ ಎಂಬ ಸೀರಮ್ ಕೂಡ ಬೇಕು; ಅದನ್ನು ಕೇಳಿ ಹಾಕಿಸಿಕೊಳ್ಳಿ. ಲಸಿಕೆಯನ್ನು ತೊಗಲೊಳಗೆ ಕೊಡುವ ಕ್ರಮದಲ್ಲಿ 0, 3, 7, 28ನೇ ದಿನ, ಸ್ನಾಯುವಿಗೆ ಕೊಡುವ ಕ್ರಮದಲ್ಲಿ 0, 3, 7, 14, 28ನೇ ದಿನ ಹಾಕುತ್ತಾರೆ. 0 ಎಂದರೆ ಮೊದಲ ಲಸಿಕೆಯ ದಿನ. ನೋವಿಲ್ಲ, ಗಾಯ ಮಾಯ್ದಿದೆ ಎಂದು ನಡುವೆ ಬಿಡಬೇಡಿ. ಹೊಕ್ಕಳ ಸುತ್ತ 14 ಚುಚ್ಚುಮದ್ದು ಎಂಬ ಹಳೆಯ ಹೆದರಿಕೆ ಈಗ ಬೇಡ, ಅವು ನಿಂತು ಸುಮಾರು 20 ವರ್ಷವಾಯಿತು. ಗರ್ಭಿಣಿಯರಿಗೂ, ಎಳೆಗೂಸಿಗೂ ಈ ಲಸಿಕೆ ಹಾಕಬಹುದು. ರಮಝಾನ್‌ನಲ್ಲಿ ಕಚ್ಚಿದರೆ ಇಫ್ತಾರ್‌ವರೆಗೆ ಕಾಯಬೇಡಿ. ಇಂಥ ಚುಚ್ಚುಮದ್ದಿನಿಂದ ರೋಝಾ ಮುರಿಯುವುದಿಲ್ಲವೆಂದು ಹೆಚ್ಚಿನ ವಿದ್ವಾಂಸರು ಹೇಳಿದ್ದಾರೆ.

ಮೂರನೆಯದು, ಕಚ್ಚಿದ ನಾಯಿ-ಬೆಕ್ಕನ್ನು ಹೊಡೆದು ಕೊಲ್ಲಬೇಡಿ. 10 ದಿನ ದೂರದಿಂದ ಗಮನಿಸಿ. ಅಷ್ಟು ದಿನವೂ ಅದು ಆರೋಗ್ಯವಾಗಿದ್ದರೆ ವೈದ್ಯರು ಮುಂದಿನ ಲಸಿಕೆಗಳ ಬಗ್ಗೆ ತೀರ್ಮಾನಿಸುತ್ತಾರೆ. ಆದರೆ "ನೋಡೋಣ" ಎಂದು ಮೊದಲ ಲಸಿಕೆಯನ್ನು ತಡಮಾಡಬಾರದು. ತಡವಾಗಿದ್ದರೂ ಹೋಗಿ. ಆ ಹುಡುಗನ ಹಾಗೆ ನಾಲ್ಕು ದಿನವಾಗಿರಲಿ, ತಿಂಗಳೇ ಆಗಿರಲಿ, ಹೋಗಿ.

ಯುನಾನಿ ವೈದ್ಯನಾಗಿ ಒಂದು ಮಾತು

ಕಚ್ಚಿದವರನ್ನು ಕೆಲವರು ನನ್ನ ಬಳಿಗೇ ಕರೆತರುತ್ತಾರೆ. "ಏನರೆ ಜಡಿಬೂಟಿ ಕೊಡ್ರೀ ಹಕೀಂ ಸಾಬ್, ಸೂಜಿ ಬ್ಯಾಡ" ಎನ್ನುತ್ತಾರೆ. ನಾನು ಯುನಾನಿ ಓದಿದವನು, ಅದನ್ನೇ ನಂಬಿ ದಿನವೂ ಔಷಧ ಕೊಡುವವನು. ಆದ್ದರಿಂದ ನಾನೇ ಹೇಳುತ್ತೇನೆ: ಇದಕ್ಕೆ ನನ್ನ ಬಳಿ ಔಷಧವಿಲ್ಲ. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದ ನಾಲ್ಕನೇ ಭಾಗದಲ್ಲಿ ಹುಚ್ಚುನಾಯಿಯ ಕಡಿತದ ಬಗ್ಗೆ ಬರೆದಿದ್ದಾರೆ, ರೋಗಿ ನೀರಿಗೆ ಹೆದರುವುದನ್ನೂ ಗುರುತಿಸಿದ್ದಾರೆ. ಆದರೆ ರೋಗವನ್ನು ತಡೆಯುವ ಲಸಿಕೆ ಬಂದದ್ದು 1885ರಲ್ಲಿ, ಲೂಯಿ ಪಾಶ್ಚರ್ ಅವರಿಂದ. ಅದನ್ನು ಮೊದಲು ಪಡೆದವನು ಒಂಬತ್ತು ವರ್ಷದ ಹುಡುಗ, ಅವನು ಬದುಕಿದ. ನಮ್ಮ ಹಕೀಮರು ಗ್ರೀಕರ, ಭಾರತೀಯರ ವಿದ್ಯೆಯನ್ನು ಸಂಕೋಚವಿಲ್ಲದೆ ಪಡೆದವರು. ಲಸಿಕೆ ಇದ್ದಿದ್ದರೆ ಅವರೂ ಅದನ್ನೇ ಹಾಕಿಸುತ್ತಿದ್ದರು. ದುಆ ಮಾಡಿ, ದಮ್ ಮಾಡಿಸಿ, ಬೇಡ ಎನ್ನುವುದಿಲ್ಲ. ಆದರೆ ಅದನ್ನು ಆಸ್ಪತ್ರೆಯ ದಾರಿಯಲ್ಲಿ ಮಾಡಿ.

ಸೇವೆಗೆ ಹೊರಟ ಯುವಕರಿಗೆ

2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಹರಿದಾಗ ಇಂಡಿ, ಸಿಂದಗಿ ಭಾಗದ ನದಿದಡದ ಹಳ್ಳಿಗಳಿಗೆ ನೀರು ನುಗ್ಗಿತು. ಇಂಥ ಹೊತ್ತಿನಲ್ಲಿ ಜನ ಕಾಳಜಿ ಕೇಂದ್ರಗಳಿಗೆ ಹೋಗುತ್ತಾರೆ, ದನಕರು, ನಾಯಿ, ಬೆಕ್ಕು ಹಿಂದೆ ಉಳಿಯುತ್ತವೆ. ಮನೆ ಬಿಡುವಾಗ ಪ್ರಾಣಿಗಳನ್ನು ಕರೆದೊಯ್ಯಲಾಗದಿದ್ದರೆ ಕನಿಷ್ಠ ಅವುಗಳ ಹಗ್ಗ ಬಿಚ್ಚಿ ಬಿಡಿ, ಈಜಿ ಎತ್ತರಕ್ಕೆ ಹೋಗುತ್ತವೆ. ನೆರೆಯ ನೀರಿಗಿಳಿದು ಕೆಲಸ ಮಾಡುವ ಯುವಕರು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿ, ಕಾಲಿನ ಗಾಯ ಮುಚ್ಚಿಕೊಳ್ಳಿ. ಇಲಿ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ. ನೀರಿಗಿಳಿದ ಮೇಲಿನ ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ "ನೆರೆ ನೀರಿನಲ್ಲಿ ಇದ್ದೆ" ಎಂದು ವೈದ್ಯರಿಗೆ ತಪ್ಪದೆ ಹೇಳಿ.

ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಮಸೀದಿಯ ಗೇಟಿನ ಬಳಿ, ಅಂಗಡಿಯ ಮುಂದೆ ಒಂದು ಮಣ್ಣಿನ ಬೋಗುಣಿ ನೀರಿಡುವುದು ಎಲ್ಲರಿಗೂ ಆಗುವ ಸದಕಾ. ನೆರಳಿನಲ್ಲಿ ಇಡಿ. ದಿನವೂ ಚೆಲ್ಲಿ, ಒಳಗೆ ಉಜ್ಜಿ ತೊಳೆದು ಹೊಸ ನೀರು ಹಾಕಿ. ವಾರವಿಡೀ ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಬೆಳೆಯುತ್ತದೆ.

ಬೀದಿನಾಯಿ-ಬೆಕ್ಕುಗಳ ಆರೈಕೆಯನ್ನು ನಿಯಮಿತವಾಗಿ ಮಾಡುವವರು ಕಚ್ಚುವ ಮೊದಲೇ ಮುಂಜಾಗ್ರತಾ ಲಸಿಕೆ ಪಡೆಯಬಹುದು. ಅದು ಮೂರು ಸರತಿ. ಆಮೇಲೆ ಎಂದಾದರೂ ಕಚ್ಚಿದರೆ ಎರಡೇ ಲಸಿಕೆ ಸಾಕಾಗುತ್ತದೆ, ಸೀರಮ್ ಬೇಕಿಲ್ಲ. ಕಿವಿಯ ತುದಿ ಕತ್ತರಿಸಿದ ಗುರುತಿರುವ ನಾಯಿಗೆ ಸಂತಾನಹರಣ ಚಿಕಿತ್ಸೆ ಆಗಿದೆಯೆಂದು ಅರ್ಥ. ಮನೆಯ ಬೆಕ್ಕಿಗೂ ಈ ಚಿಕಿತ್ಸೆಯ ಯೋಚನೆ ಮಾಡಿ. ಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರುತ್ತದೆ, ಎರಡು ತಿಂಗಳಲ್ಲಿ ಮರಿ ಹಾಕುತ್ತದೆ. ಹಾನಿ ತಡೆಯಲು ಇದನ್ನು ಅನುಮತಿಸಿದ ವಿದ್ವಾಂಸರಿದ್ದಾರೆ, ನಿಮ್ಮ ಆಲಿಂ ಸಾಹೇಬರನ್ನು ಕೇಳಿಕೊಳ್ಳಿ.

ರೈತ ಸಹೋದರರಿಗೆ ಒಂದು ಎಚ್ಚರಿಕೆ. ಎಮ್ಮೆ, ಆಕಳು ಜೊಲ್ಲು ಸುರಿಸುತ್ತ, ಮೇವು ನುಂಗಲಾಗದೆ, ವಿಚಿತ್ರವಾಗಿ ಕೂಗುತ್ತಿದ್ದರೆ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯೊಳಗೆ ಕೈ ಹಾಕಬೇಡಿ. ಹುಚ್ಚುನಾಯಿ ಕಚ್ಚಿದ ದನಕ್ಕೂ ಹೀಗೇ ಆಗುತ್ತದೆ. ಅದರ ಹಸಿ ಹಾಲು ಕುಡಿಯಬೇಡಿ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಮನೆ ಬಾಗಿಲಿಗೆ ಬರುತ್ತದೆ.

ಮನೆಯ ಹಿರಿಯರಿಗೆ

ಯುನಾನಿಯಲ್ಲಿ ಆರೋಗ್ಯಕ್ಕೆ ಆರು ಅಗತ್ಯಗಳನ್ನು ಹೇಳುತ್ತೇವೆ. ಗಾಳಿ, ಅನ್ನ-ನೀರು, ನಿದ್ದೆಗಳ ಜೊತೆಗೆ ಮನಸ್ಸಿನ ಚಲನೆ ಮತ್ತು ವಿಶ್ರಾಂತಿ ಕೂಡ ಅದರಲ್ಲಿ ಒಂದು. ತಬ್ಬಲಿ ಮರಿಯನ್ನು ಸಾಕುವ ಮಗುವಿನ ಮನಸ್ಸಿಗೆ, ಮಕ್ಕಳು ದೂರದೂರಿಗೆ ಹೋಗಿ ಒಂಟಿಯಾದ ದಾದಿಯ ಮನಸ್ಸಿಗೆ ಒಂದು ಬೆಕ್ಕು ಕೊಡುವ ಸಮಾಧಾನವನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಈ ರಾತ್ರಿ ಊಟಕ್ಕೆ ಕೂತಾಗ ಮಕ್ಕಳಿಗೆ ಎರಡು ಮಾತು ಹೇಳಿ. ಒಂದು, ತಿನ್ನುತ್ತಿರುವ, ಮಲಗಿರುವ, ಮರಿ ಹಾಕಿರುವ ಪ್ರಾಣಿಯನ್ನು ಮುಟ್ಟಬಾರದು. ಎರಡು, ಯಾವ ಪ್ರಾಣಿ ಕಚ್ಚಿದರೂ, ಪರಚಿದರೂ, ಎಷ್ಟೇ ಸಣ್ಣದಾಗಿದ್ದರೂ ಆಗಲೇ ಹೇಳಬೇಕು, ಹೇಳಿದರೆ ಯಾರೂ ಬೈಯುವುದಿಲ್ಲ. ಹೇಳಿದಾಗ ನೀವೂ ಆ ಮಾತು ಉಳಿಸಿಕೊಳ್ಳಿ.

ಆ ಹುಡುಗನ ಕೊನೆಯ ಲಸಿಕೆ ಮುಗಿದ ಮೇಲೆ ತಂದೆ ನನ್ನ ದವಾಖಾನೆಗೆ ಬಂದಿದ್ದರು. "ನಾ ಬೈತೀನಂತ ಅಂಜಿ ಮುಚ್ಚಿಟ್ಟನ್ರೀ. ಇದರಾಗ ತಪ್ಪು ನಂದೂ ಐತಿ" ಎಂದರು. ಈಗ ಅವರ ಮನೆಯಲ್ಲಿ ಒಂದು ಬೂದು ಬಣ್ಣದ ಬೆಕ್ಕಿದೆ. ಅದಕ್ಕೆ ಲಸಿಕೆ ಹಾಕಿಸಿದ ಚೀಟಿಯನ್ನು ಹುಡುಗ ತನ್ನ ಶಾಲೆಯ ಚೀಲದಲ್ಲೇ ಇಟ್ಟುಕೊಂಡಿದ್ದಾನೆ.